ದಿನಕ್ಕೊಂದು ವಿಟಮಿನ್ ಡಿ3 ಗುಳಿಗೆ: ಕೊರತೆಗೆ ಸರಿ, ರೋಗನಿರೋಧಕ ಶಕ್ತಿಗೆ ಎಷ್ಟು?

ದಿನಕ್ಕೊಂದರಂತೆ ನುಂಗುವ, ತಲಾ 1000 ಐಯು (ವಿಟಮಿನ್‌ಗಳನ್ನು ಅಳೆಯುವ ಅಂತಾರಾಷ್ಟ್ರೀಯ ಮಾನ) ಪ್ರಮಾಣದ ವಿಟಮಿನ್ ಡಿ3 ಸಾಫ್ಟ್‌ಜೆಲ್ ಗುಳಿಗೆಗಳನ್ನು ಕುರಿತ ವಿಮರ್ಶೆ ಇದು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ವರ್ಗದ ಉತ್ಪನ್ನಗಳಲ್ಲಿ ಡಬ್ಬಿಯ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ, ಡಬ್ಬಿಯ ಮೇಲಿನ ಮಾತೂ ಒಂದೇ. ನಾನು ಬಳಸಿದ ಡಬ್ಬಿಯ ಮುಂಭಾಗದಲ್ಲಿ ‘ರೋಗನಿರೋಧಕ ಶಕ್ತಿಗೆ ಬೆಂಬಲ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದೆ, ಆ ಸಾಲಿನ ತುದಿಯಲ್ಲಿ ಒಂದು ಸಣ್ಣ ನಕ್ಷತ್ರ ಚಿಹ್ನೆಯಿದೆ. ಡಬ್ಬಿಯನ್ನು ತಿರುಗಿಸಿ, ಬೆಳಕಿಗೆ ಹಿಡಿದು ಹುಡುಕಿದರೆ, ಅದೇ ನಕ್ಷತ್ರದ ಪಕ್ಕದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಈ ಉತ್ಪನ್ನವು ಯಾವ ರೋಗವನ್ನೂ ಪತ್ತೆ ಹಚ್ಚುವ, ಗುಣಪಡಿಸುವ ಅಥವಾ ತಡೆಯುವ ಉದ್ದೇಶದ್ದಲ್ಲ ಎಂಬ ಒಕ್ಕಣೆ ಸಿಗುತ್ತದೆ. ಮುಂಭಾಗದ ಮಾತನ್ನು ನಂಬಿ ಕೊಳ್ಳುವವರೇ ಹೆಚ್ಚು ಇರುವುದರಿಂದ, ಆ ಮಾತು ಎಷ್ಟರ ಮಟ್ಟಿಗೆ ನಿಜವೆಂದು ನೋಡುವುದೇ ಈ ವಿಮರ್ಶೆಯ ಮುಖ್ಯ ಕೆಲಸ.

ಮೊದಲು ವಸ್ತುವಿನ ಬಗ್ಗೆ ಹೇಳುತ್ತೇನೆ. ಗುಳಿಗೆ ಚಿಕ್ಕದು, ಅಂಡಾಕಾರದ್ದು. ದೊಡ್ಡ ಮಾತ್ರೆ ನುಂಗಲು ಕಷ್ಟಪಡುವವರಿಗೂ ಸಲೀಸಾಗಿ ಇಳಿಯುತ್ತದೆ. ಒಂದನ್ನು ಸೂಜಿಯಿಂದ ಚುಚ್ಚಿ ಒತ್ತಿದರೆ ತಿಳಿ ಹಳದಿ ಬಣ್ಣದ ಒಂದೆರಡು ಹನಿ ಎಣ್ಣೆ ಹೊರಬರುತ್ತದೆ. ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯಾಗಲಿ ರುಚಿಯಾಗಲಿ ಇಲ್ಲ. 1000 ಐಯು ಎಂಬುದು ಕಿವಿಗೆ ದೊಡ್ಡ ಸಂಖ್ಯೆಯಂತೆ ಕೇಳಿಸಿದರೂ ತೂಕದಲ್ಲಿ ಅದು ಬರಿಯ 25 ಮೈಕ್ರೋಗ್ರಾಮ್, ಅಂದರೆ ಒಂದು ಗ್ರಾಮಿನ ನಲವತ್ತು ಸಾವಿರದಲ್ಲಿ ಒಂದು ಭಾಗ. ಉಳಿದದ್ದೆಲ್ಲ ಅದನ್ನು ಹೊತ್ತು ತರುವ ಎಣ್ಣೆ, ಮತ್ತು ಎಣ್ಣೆಯನ್ನು ಹಿಡಿದಿಡುವ ಜೆಲಟಿನ್ ಪೊರೆ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಎಣ್ಣೆಯಲ್ಲಿ ಕೊಡುವುದು ತಕ್ಕ ಕ್ರಮವೇ. ಕೊಬ್ಬಿನಂಶವಿರುವ ಊಟದ ಜೊತೆಗೆ ತೆಗೆದುಕೊಂಡರೆ ಕರುಳು ಅದನ್ನು ಇನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ. ಡಬ್ಬಿಯ ಮೇಲೆ ‘ಆಹಾರದೊಂದಿಗೆ ಸೇವಿಸಿ’ ಎಂದಿದೆ, ಆದರೆ ಏಕೆಂದು ಹೇಳಿಲ್ಲ. ಕಾರಣ ತಿಳಿಯದ ಸೂಚನೆಯನ್ನು ಜನ ಪಾಲಿಸುವುದು ಕಡಿಮೆ. ಇನ್ನೊಂದು ಕೊರತೆ ಮೂಲದ ವಿಚಾರದಲ್ಲಿದೆ. ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಎಂಬ ಜಿಡ್ಡಿನಿಂದ ತಯಾರಾಗುತ್ತದೆ, ಕಲ್ಲುಹೂವಿನಿಂದ ತಯಾರಿಸಿದ ಸಸ್ಯಮೂಲದ ಡಿ3 ಕೂಡ ಉಂಟು. ಜೆಲಟಿನ್ ಅಂತೂ ಪ್ರಾಣಿಜನ್ಯವೇ. ಇವನ್ನು ಗಮನಿಸಿ ಕೊಳ್ಳುವವರಿಗೆ ನನ್ನ ಕೈಯಲ್ಲಿದ್ದ ಡಬ್ಬಿ ಏನನ್ನೂ ತಿಳಿಸಲಿಲ್ಲ.

ಇನ್ನು ರೋಗನಿರೋಧಕ ಶಕ್ತಿಯ ಮಾತು. ತಯಾರಕರು ಇದನ್ನು ಗಾಳಿಯಿಂದ ಹಿಡಿದು ತಂದಿಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ-ಬಿ ಕಿರಣಗಳು ಚರ್ಮದಲ್ಲಿರುವ ಕೊಲೆಸ್ಟರಾಲ್ ಸಂಬಂಧಿ ವಸ್ತುವೊಂದನ್ನು ಡಿ3 ಆಗಿ ಮಾರ್ಪಡಿಸುತ್ತವೆ. ಗುಳಿಗೆಯಿಂದ ಬಂದ ಡಿ3 ಕೂಡ ಇಲ್ಲಿಂದ ಮುಂದೆ ಅದೇ ದಾರಿ ಹಿಡಿಯುತ್ತದೆ. ಯಕೃತ್ತು ಅದನ್ನು 25-ಹೈಡ್ರಾಕ್ಸಿ ವಿಟಮಿನ್ ಡಿ ಎಂಬ ರೂಪಕ್ಕೆ ತರುತ್ತದೆ. ರಕ್ತ ಪರೀಕ್ಷೆಯಲ್ಲಿ ಅಳೆಯುವುದು ಇದನ್ನೇ. ಆಮೇಲೆ ಮೂತ್ರಪಿಂಡ ಅದನ್ನು ಕ್ಯಾಲ್ಸಿಟ್ರಿಯಾಲ್ ಎಂಬ ಸಕ್ರಿಯ ಹಾರ್ಮೋನನ್ನಾಗಿ ಬದಲಿಸುತ್ತದೆ, ಅದು ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೆಯನ್ನು ಹೆಚ್ಚಿಸುತ್ತದೆ. ವಿಟಮಿನ್ ಡಿ ಎಂದರೆ ಮೂಳೆ, ಕೊರತೆ ಎಂದರೆ ಮಕ್ಕಳಲ್ಲಿ ರಿಕೆಟ್ಸ್, ದೊಡ್ಡವರಲ್ಲಿ ಮೂಳೆ ಮೆದುವಾಗುವ ರೋಗ ಎಂಬ ತಿಳಿವಳಿಕೆ ಬಹುಕಾಲ ಇದ್ದದ್ದು ಈ ಕಾರಣಕ್ಕೆ. ಆದರೆ ಕೊನೆಯ ಹಂತದ ಆ ಬದಲಾವಣೆಯನ್ನು ಮಾಡುವ ಕಿಣ್ವ ಮೂತ್ರಪಿಂಡದಲ್ಲಿ ಮಾತ್ರವಲ್ಲದೆ ಮ್ಯಾಕ್ರೋಫೇಜ್‌ನಂಥ ರಕ್ಷಕ ಕೋಶಗಳಲ್ಲೂ ಇದೆ, ಹಾರ್ಮೋನನ್ನು ಗುರುತಿಸುವ ಗ್ರಾಹಕವೂ ಆ ಕೋಶಗಳಲ್ಲಿದೆ ಎಂಬುದು ತಿಳಿದ ಮೇಲೆ ಚಿತ್ರ ಬದಲಾಯಿತು.

2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆ ಈ ವಿಷಯವನ್ನು ಬಹಳ ಸ್ಪಷ್ಟವಾಗಿ ತೋರಿಸಿತು. ಕ್ಷಯದ ಬ್ಯಾಕ್ಟೀರಿಯಾದ ಅಂಶಗಳನ್ನು ಗುರುತಿಸಿದ ಮ್ಯಾಕ್ರೋಫೇಜ್, ತನ್ನೊಳಗಿನ ಆ ಕಿಣ್ವವನ್ನು ಹೆಚ್ಚಿಸಿಕೊಂಡು, ರಕ್ತದಲ್ಲಿರುವ 25-ಹೈಡ್ರಾಕ್ಸಿ ವಿಟಮಿನ್ ಡಿಯನ್ನು ಬಳಸಿ ಕ್ಯಾಲ್ಸಿಟ್ರಿಯಾಲ್ ತಯಾರಿಸುತ್ತದೆ. ಅದರ ಪ್ರಭಾವದಿಂದ ಕ್ಯಾಥೆಲಿಸಿಡಿನ್ ಎಂಬ, ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲ ಪೆಪ್ಟೈಡ್ (ಪ್ರೋಟೀನಿನ ಸಣ್ಣ ತುಣುಕು) ಹುಟ್ಟುತ್ತದೆ. ವಿಟಮಿನ್ ಡಿ ಕಡಿಮೆಯಿರುವ ರಕ್ತಸಾರದಲ್ಲಿ ಇದೇ ಕೋಶಗಳನ್ನು ಇಟ್ಟಾಗ ಆ ಪೆಪ್ಟೈಡ್ ತಯಾರಿಸಲು ಕೋಶ ಕೊಡುವ ಸೂಚನೆ ಕುಗ್ಗಿತು, ವಿಟಮಿನ್ ಡಿ ಸೇರಿಸಿದಾಗ ಮತ್ತೆ ಚೇತರಿಸಿತು. ಇಷ್ಟು ಅಚ್ಚುಕಟ್ಟಾದ ಪುರಾವೆ ಪೋಷಕಾಂಶಗಳ ಲೋಕದಲ್ಲಿ ಅಪರೂಪ. ಚರ್ಮದ ಕ್ಷಯಕ್ಕೆ ಕೇಂದ್ರೀಕೃತ ಬೆಳಕಿನ ಚಿಕಿತ್ಸೆ ನೀಡಿದ್ದಕ್ಕಾಗಿ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಪ್ರಶಸ್ತಿ ಬಂದ ಸಂಗತಿಯನ್ನೂ ಇದರ ಜೊತೆಗೆ ಜೋಡಿಸಿ ಮಾರಾಟಗಾರರು ಹೇಳುವುದುಂಟು. ಆದರೆ ಆ ದೀಪದಿಂದಾದ ಗುಣವೆಲ್ಲ ವಿಟಮಿನ್ ಡಿಯ ಮೂಲಕವೇ ಆಯಿತೆಂದು ಹೇಳಲು ಬರುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಜಾಹೀರಾತುಗಳು ನುಂಗಿಬಿಡುತ್ತವೆ. ಕ್ಯಾಲ್ಸಿಟ್ರಿಯಾಲ್ ರಕ್ಷಣಾ ವ್ಯವಸ್ಥೆಯನ್ನು ಬರೀ ಹುರಿದುಂಬಿಸುವ ವಸ್ತುವಲ್ಲ. ಸೋಂಕಿನ ಎದುರು ಮೊದಲ ಸಾಲಿನಲ್ಲಿ ನಿಲ್ಲುವ ಕೋಶಗಳಿಗೆ ಅದು ಆಯುಧ ಕೊಡುತ್ತದೆ, ನಿಜ. ಆದರೆ ಆಮೇಲೆ ಬರುವ ಟಿ ಕೋಶಗಳೆಂಬ ಇನ್ನೊಂದು ಬಗೆಯ ರಕ್ಷಕ ಕೋಶಗಳ ಆವೇಶವನ್ನು ತಗ್ಗಿಸುತ್ತದೆ, ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ಇಳಿಸುತ್ತದೆ, ಹತೋಟಿ ಸಾಧಿಸುವ ಬಗೆಯ ಟಿ ಕೋಶಗಳನ್ನು ಪ್ರೋತ್ಸಾಹಿಸುತ್ತದೆ. ಆದ್ದರಿಂದ ‘ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ’ ಎಂಬ ಒಂದೇ ಮಾತು ಅರ್ಧ ಸತ್ಯ. ಅಚ್ಚರಿಯೆಂದರೆ, ಪ್ರಯೋಗಗಳಲ್ಲಿ ಹೆಚ್ಚು ಗಮನ ಸೆಳೆದ ಫಲಿತಾಂಶವೊಂದು ಈ ಹತೋಟಿಯ ಕಡೆಯಿಂದಲೇ ಬಂತು. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ವೈಟಲ್ ಎಂಬ ಅಧ್ಯಯನದಲ್ಲಿ ದಿನಕ್ಕೆ 2000 ಐಯು ಡಿ3 ಪಡೆದವರಲ್ಲಿ, ಐದು ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ, ದೇಹ ತನ್ನ ಮೇಲೆ ತಾನೇ ಎರಗುವ ಸ್ವಯಂನಿರೋಧಕ ರೋಗಗಳು ಶೇ 22ರಷ್ಟು ಕಡಿಮೆ ಕಂಡವೆಂದು 2022ರಲ್ಲಿ ವರದಿಯಾಯಿತು. ಅದೇ ಅಧ್ಯಯನದ ಮುಖ್ಯ ಪ್ರಶ್ನೆಗಳಾಗಿದ್ದ ಕ್ಯಾನ್ಸರ್ ಮತ್ತು ಹೃದ್ರೋಗಗಳ ತಡೆಯಲ್ಲಿ ಮಾತ್ರ ಗುಳಿಗೆಯಿಂದ ಪ್ರಯೋಜನ ಕಾಣಲಿಲ್ಲ. ಯಾವ ಡಬ್ಬಿಯ ಮೇಲೂ ಈ ಎರಡನ್ನೂ ಒಟ್ಟಿಗೆ ಬರೆದದ್ದನ್ನು ನಾನು ನೋಡಿಲ್ಲ.

ಜನ ಈ ಗುಳಿಗೆಯನ್ನು ಕೊಳ್ಳುವುದು ನೆಗಡಿ, ಕೆಮ್ಮು, ಜ್ವರಗಳು ಪದೇಪದೇ ಕಾಡಬಾರದೆಂಬ ಆಸೆಯಿಂದ. ಆ ಆಸೆಗೆ ಆಧಾರವಾದದ್ದು 2017ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ. 25 ಪ್ರಯೋಗಗಳ, ಸುಮಾರು 11,000 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ವಿಟಮಿನ್ ಡಿ ಪಡೆದವರಲ್ಲಿ ತೀವ್ರ ಶ್ವಾಸನಾಳದ ಸೋಂಕಿನ ಸಾಧ್ಯತೆ ಸ್ವಲ್ಪ ಕಡಿಮೆಯಿತ್ತು; ಆರಂಭದಲ್ಲಿ ಗಂಭೀರ ಕೊರತೆಯಿದ್ದು, ದಿನಕ್ಕೋ ವಾರಕ್ಕೋ ಸಣ್ಣ ಪ್ರಮಾಣದಲ್ಲಿ ಪಡೆದವರಲ್ಲಿ ಲಾಭ ಎದ್ದು ಕಂಡಿತು. ಹುರುಪು ಹುಟ್ಟಿಸುವ ಫಲಿತಾಂಶವೇ ಹೌದು. ಆದರೆ ಆಮೇಲೆ ಪ್ರಯೋಗಗಳು ಸೇರುತ್ತ ಹೋದಂತೆ ಆ ಲಾಭ ಸವೆಯುತ್ತ ಬಂತು. 2025ರಲ್ಲಿ ಪ್ರಕಟವಾದ ಪರಿಷ್ಕೃತ ವಿಶ್ಲೇಷಣೆಯಲ್ಲಿ 46 ಪ್ರಯೋಗಗಳ 64,086 ಜನರ ಮಾಹಿತಿ ಇತ್ತು. ಒಟ್ಟಾರೆ ಲಾಭ ಅಂಕಿಅಂಶಗಳ ಲೆಕ್ಕದಲ್ಲಿ ದೃಢಪಡಲಿಲ್ಲ, ಕೊರತೆಯಿದ್ದವರಿಗೆ ಹೆಚ್ಚು ಲಾಭ ಎಂಬ ಹಳೆಯ ವ್ಯತ್ಯಾಸವೂ ಸ್ಪಷ್ಟವಾಗಿ ಉಳಿಯಲಿಲ್ಲ. ಕೋವಿಡ್ ಕಾಲದ ಪ್ರಯೋಗಗಳೂ ಹೆಚ್ಚೇನೂ ಭಿನ್ನವಾಗಿರಲಿಲ್ಲ. ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿ, ಮಟ್ಟ ಕಡಿಮೆಯಿದ್ದವರಿಗೆ ದಿನಕ್ಕೆ 800 ಅಥವಾ 3200 ಐಯು ಕೊಟ್ಟು ನೋಡಿದರು. ನಾರ್ವೆಯಲ್ಲಿ 34,601 ಜನರ ಮೇಲೆ ಕಾಡ್ ಮೀನಿನ ಯಕೃತ್ತಿನ ಎಣ್ಣೆಯನ್ನು ಪರೀಕ್ಷಿಸಿದರು. ಎರಡರಲ್ಲೂ ಸೋಂಕು ಕಡಿಮೆಯಾಗಲಿಲ್ಲ. ಬ್ರೆಜಿಲ್‌ನಲ್ಲಿ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಿಗೆ ಒಂದೇ ಸಲಕ್ಕೆ 2,00,000 ಐಯು ಕೊಟ್ಟರೂ ಆಸ್ಪತ್ರೆಯ ವಾಸ ಮೊಟಕಾಗಲಿಲ್ಲ. ಪ್ರಯೋಗಾಲಯದಲ್ಲಿ ಅಷ್ಟು ಸೊಗಸಾಗಿ ಕಂಡಿದ್ದ ಕ್ಷಯದ ವಿಷಯವನ್ನೂ ಮಂಗೋಲಿಯದಲ್ಲಿ 8,851 ಶಾಲಾಮಕ್ಕಳ ಮೇಲೆ ಮೂರು ವರ್ಷ ಪರೀಕ್ಷಿಸಲಾಯಿತು; ಆ ಮಕ್ಕಳಲ್ಲಿ ಬಹುತೇಕರಿಗೆ ಆರಂಭದಲ್ಲಿ ಕೊರತೆಯಿತ್ತು, ವಾರಕ್ಕೆ 14,000 ಐಯು ಕೊಟ್ಟ ಮೇಲೆ ರಕ್ತದ ಮಟ್ಟ ಏರಿತು, ಕ್ಷಯದ ಸೋಂಕು ಮಾತ್ರ ಇಳಿಯಲಿಲ್ಲ.

ಹಾಗಾದರೆ ವಿಟಮಿನ್ ಡಿ ಕಡಿಮೆಯಿರುವವರಲ್ಲಿ ಸೋಂಕುಗಳು ಹೆಚ್ಚು ಎಂದು ವರದಿಗಳು ಹೇಳುತ್ತಲೇ ಬಂದಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಆ ವರದಿಗಳು ಸುಳ್ಳಲ್ಲ. ಆದರೆ ಕಾಯಿಲೆಯಿಂದ ನರಳುವವರು ಬಿಸಿಲಿಗೆ ಹೋಗುವುದು ಕಡಿಮೆ; ದೇಹದಲ್ಲಿ ಉರಿಯೂತ ಹೆಚ್ಚಿದಾಗ ರಕ್ತದಲ್ಲಿ ಅಳೆಯುವ ಮಟ್ಟ ತಾನಾಗಿಯೇ ಇಳಿಯುವುದುಂಟು; ವಯಸ್ಸು ಮತ್ತು ಬೊಜ್ಜು ಇವೆರಡೂ ವಿಟಮಿನ್ ಡಿಯನ್ನು ಇಳಿಸುತ್ತವೆ, ಅವೆರಡೂ ಸೋಂಕನ್ನು ಉಲ್ಬಣಗೊಳಿಸುತ್ತವೆ. ಕಡಿಮೆ ಮಟ್ಟ ಎಷ್ಟೋ ಸಲ ಅನಾರೋಗ್ಯದ ಗುರುತೇ ಹೊರತು ಅದರ ಕಾರಣವಲ್ಲ. ಗುರುತನ್ನು ಸರಿಪಡಿಸಿದ ಮಾತ್ರಕ್ಕೆ ಕಾಯಿಲೆ ದೂರ ಉಳಿಯಬೇಕಾಗಿಲ್ಲ.

ಈ ಉತ್ಪನ್ನಕ್ಕೆ ನಾನು ಹೆಚ್ಚು ಅಂಕ ಕೊಡುವುದು ಅದರ ಪ್ರಮಾಣಕ್ಕೆ ಮತ್ತು ಕ್ರಮಕ್ಕೆ. ದಿನಕ್ಕೆ ಸಣ್ಣ ಪ್ರಮಾಣ ಎಂಬುದು ಸುರಕ್ಷಿತವಾದ, ದೇಹಕ್ಕೆ ಒಗ್ಗುವ ದಾರಿ. ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಭಾರಿ ಪ್ರಮಾಣ ಕೊಟ್ಟು ಕೈತೊಳೆದುಕೊಳ್ಳುವ ಕ್ರಮ ಕೆಲಸ ಸುಲಭ ಮಾಡುತ್ತದೆಯಾದರೂ ಅದರ ದಾಖಲೆ ಅಷ್ಟು ಒಳ್ಳೆಯದಲ್ಲ. ಆಸ್ಟ್ರೇಲಿಯದಲ್ಲಿ ವರ್ಷಕ್ಕೊಮ್ಮೆ 5,00,000 ಐಯು ಪಡೆದ ವೃದ್ಧ ಮಹಿಳೆಯರಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಕಡಿಮೆಯಾಗುವ ಬದಲು ಹೆಚ್ಚಾದವೆಂದು 2010ರಲ್ಲಿ ವರದಿಯಾಗಿತ್ತು. ಅಲ್ಲಿಯೇ ಆಮೇಲೆ 60 ವರ್ಷ ದಾಟಿದ 21,315 ಜನರಿಗೆ ತಿಂಗಳಿಗೆ 60,000 ಐಯು ಕೊಟ್ಟು ನೋಡಿದ ಪ್ರಯೋಗದಲ್ಲಿ ಸಾವಿನ ಪ್ರಮಾಣ ಇಳಿಯಲಿಲ್ಲ. ಗಂಭೀರ ಕೊರತೆಯಿದ್ದಾಗ ವೈದ್ಯರು ಕೆಲವು ವಾರಗಳ ಮಟ್ಟಿಗೆ ದೊಡ್ಡ ಪ್ರಮಾಣ ಬರೆದುಕೊಡುವುದು ಬೇರೆ ವಿಷಯ. ಅದು ಚಿಕಿತ್ಸೆ, ಅದಕ್ಕೊಂದು ಕೊನೆಯಿದೆ. ವೈದ್ಯರನ್ನು ಕೇಳದೆ ತಾನಾಗಿ ಕೊಂಡು ವರ್ಷಗಟ್ಟಲೆ ನುಂಗುವವರಿಗೆ ಈ 1000 ಐಯು ಗುಳಿಗೆಯೇ ಮೇಲು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ನಿಗದಿಪಡಿಸಿದ ದೈನಿಕ ಪ್ರಮಾಣ 70 ವರ್ಷದವರೆಗೆ 600 ಐಯು, ಅದರ ಮೇಲಿನವರಿಗೆ 800 ಐಯು. ದೊಡ್ಡವರು ಮೀರಬಾರದ ಮಿತಿ 4000 ಐಯು. ಈ ಗುಳಿಗೆ ಆ ಎರಡರ ನಡುವೆ ನಿರಾಯಾಸವಾಗಿ ಕೂರುತ್ತದೆ.

ಕೆಲವು ತಿಂಗಳು ತಪ್ಪದೆ ತೆಗೆದುಕೊಂಡ ನನ್ನ ಅನುಭವವನ್ನೂ ಹೇಳಬೇಕು. ಕೊರತೆಯ ಗೆರೆಗಿಂತ ಕೆಳಗಿದ್ದ ನನ್ನ ರಕ್ತದ ಮಟ್ಟ ಗೆರೆ ದಾಟಿ ಮೇಲೆ ಬಂತು. ಅಷ್ಟರ ಮಟ್ಟಿಗೆ ಗುಳಿಗೆ ಹೇಳಿದ ಕೆಲಸವನ್ನು ಮಾಡಿದೆ. ಆ ಅವಧಿಯಲ್ಲಿ ನೆಗಡಿ ಬಂದಿತೇ ಎಂದರೆ, ಬಂದಿತು, ಎಂದಿನಂತೆಯೇ ಹೋಯಿತು. ಒಬ್ಬರ ನೆಗಡಿಯಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ಗೊತ್ತಿದ್ದೂ ಇದನ್ನು ಬರೆಯುವುದೇಕೆಂದರೆ, ‘ಇದನ್ನು ಶುರು ಮಾಡಿದ ಮೇಲೆ ಒಂದು ಸೀನೂ ಬಂದಿಲ್ಲ’ ಎಂಬ ಬಗೆಯ ಅಭಿಪ್ರಾಯಗಳು ಇಂಥ ಉತ್ಪನ್ನಗಳ ಕೆಳಗೆ ರಾಶಿ ಬಿದ್ದಿರುತ್ತವೆ. ನೆಗಡಿ ಬಾರದ ಋತುವಿನಲ್ಲಿ ಯಾವ ಗುಳಿಗೆಯಾದರೂ ಗೆಲ್ಲುತ್ತದೆ. ಮರುಪರೀಕ್ಷೆಯ ಬಗ್ಗೆ ಒಂದು ಮಾತು: ರಕ್ತದಲ್ಲಿನ ಮಟ್ಟ ಹೊಸ ನೆಲೆಯಲ್ಲಿ ನಿಲ್ಲಲು ಸುಮಾರು ಮೂರು ತಿಂಗಳು ಬೇಕು, ಅದಕ್ಕಿಂತ ಮೊದಲೇ ಪರೀಕ್ಷಿಸಿ ಗುಳಿಗೆಯನ್ನು ದೂರುವುದು ನ್ಯಾಯವಲ್ಲ.

ಕೊರತೆಯ ಆ ಗೆರೆ ಯಾವುದೆಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಮಿಲಿಲೀಟರಿಗೆ 20 ನ್ಯಾನೊಗ್ರಾಮ್ ಇದ್ದರೆ ಬಹುತೇಕ ಎಲ್ಲರ ಮೂಳೆಗೂ ಸಾಕೆಂದು ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಹೇಳಿತ್ತು. 30 ಇರಬೇಕೆಂದು 2011ರಲ್ಲಿ ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ ಹೇಳಿತು, 2024ರ ಹೊಸ ಮಾರ್ಗಸೂಚಿಯಲ್ಲಿ ಆ 30ರ ಗುರಿಯನ್ನು ಕೈಬಿಟ್ಟಿತು. ಆರೋಗ್ಯವಾಗಿರುವ ವಯಸ್ಕರಿಗೆ ವಾಡಿಕೆಯಂತೆ ರಕ್ತ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲವೆಂದೂ ಅದು ಸೂಚಿಸಿದೆ. ಮಕ್ಕಳು, ಗರ್ಭಿಣಿಯರು, 75 ವರ್ಷ ದಾಟಿದವರು ಮತ್ತು ಮಧುಮೇಹದ ಹೊಸ್ತಿಲಲ್ಲಿರುವವರಿಗೆ ಮಾತ್ರ ಪರೀಕ್ಷೆಯಿಲ್ಲದೆಯೂ ಪೂರಕ ಕೊಡಬಹುದೆಂದಿದೆ. ಮಕ್ಕಳ ವಿಷಯದಲ್ಲಿ ರಿಕೆಟ್ಸ್ ತಡೆಯ ಜೊತೆಗೆ ಶ್ವಾಸನಾಳದ ಸೋಂಕು ಕಡಿಮೆಯಾಗುವ ಸಾಧ್ಯತೆಯನ್ನೂ ಅದು ಕಾರಣವಾಗಿ ಕೊಟ್ಟಿರುವುದರಿಂದ, ಡಬ್ಬಿಯ ಮೇಲಿನ ಮಾತಿಗೆ ಸಿಗುವ ಗೌರವಯುತ ಆಸರೆ ಇದ್ದರೆ ಅದು ಇಲ್ಲಿದೆ. ವರದಿ ಓದುವವರು ಅಳತೆಯ ಮಾನವನ್ನೂ ನೋಡಬೇಕು: ಕೆಲವು ಪ್ರಯೋಗಾಲಯಗಳು ನ್ಯಾನೊಮೋಲ್‌ಗಳಲ್ಲಿ ಬರೆಯುತ್ತವೆ, ಅದನ್ನು ಎರಡೂವರೆಯಿಂದ ಭಾಗಿಸಿದರೆ ನ್ಯಾನೊಗ್ರಾಮ್ ಲೆಕ್ಕ ಸಿಗುತ್ತದೆ. 50 ಎಂಬುದನ್ನು ಕಂಡು ನಿಶ್ಚಿಂತರಾಗುವುದಕ್ಕೂ 20 ಎಂಬುದನ್ನು ಕಂಡು ಗಾಬರಿಯಾಗುವುದಕ್ಕೂ ಮೊದಲು ಅವೆರಡೂ ಒಂದೇ ಮಟ್ಟವೆಂದು ತಿಳಿದಿರಬೇಕು.

ಡಬ್ಬಿಯ ಮೇಲಿನ ಎಚ್ಚರಿಕೆಗಳು ನನಗೆ ತೃಪ್ತಿ ಕೊಡಲಿಲ್ಲ. ‘ಗರ್ಭಿಣಿಯರು ವೈದ್ಯರನ್ನು ಕೇಳಿ’ ಎಂಬ ಮಾಮೂಲಿ ಸಾಲಿನ ಹೊರತು ಏನೂ ಇಲ್ಲ. ಬೇರೆ ಬೇರೆ ಪೂರಕಗಳಲ್ಲಿರುವ ಡಿ3 ಒಟ್ಟು ಸೇರಿ ಮಿತಿ ದಾಟಬಹುದು; ಮಿತಿ ಬಹಳ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ಅತಿ ಬಾಯಾರಿಕೆ, ವಾಕರಿಕೆ, ಮಲಬದ್ಧತೆ, ಗೊಂದಲ, ಮೂತ್ರಪಿಂಡದ ಹಾನಿಯವರೆಗೂ ಹೋಗಬಹುದು. ಥಯಾಜೈಡ್ ವರ್ಗದ ಮೂತ್ರವರ್ಧಕ ಅಥವಾ ಡಿಗಾಕ್ಸಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಶುರು ಮಾಡಬಾರದು. ಫೆನಿಟಾಯಿನ್, ರಿಫಾಂಪಿಸಿನ್‌ನಂಥ ಔಷಧಿಗಳು ವಿಟಮಿನ್ ಡಿಯನ್ನು ಬೇಗ ಕರಗಿಸಿಬಿಡುತ್ತವೆ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಸಾರ್ಕಾಯ್ಡೋಸಿಸ್ (ರಕ್ಷಕ ಕೋಶಗಳು ಶ್ವಾಸಕೋಶ ಮುಂತಾದ ಅಂಗಗಳಲ್ಲಿ ಗಂಟುಗಟ್ಟುವ ರೋಗ) ಇರುವವರಿಗೆ ಸೇರಿದ್ದು. ಆ ರೋಗದಲ್ಲಿ, ಮೇಲೆ ಹೇಳಿದ ಅದೇ ಮ್ಯಾಕ್ರೋಫೇಜ್‌ಗಳು ಮೂತ್ರಪಿಂಡದಲ್ಲಿರುವಂಥ ಹತೋಟಿ ಇಲ್ಲದೆ ಕ್ಯಾಲ್ಸಿಟ್ರಿಯಾಲ್ ತಯಾರಿಸುತ್ತಲೇ ಹೋಗುತ್ತವೆ. ಅವರಿಗೆ ಸಾಧಾರಣ ಪ್ರಮಾಣದ ಗುಳಿಗೆಯೂ ಅಪಾಯ ತರಬಹುದು. ರೋಗನಿರೋಧಕ ಕೋಶಗಳ ಮೇಲಿನ ಪರಿಣಾಮವನ್ನು ಮುಂಭಾಗದಲ್ಲಿ ಸಾರುವ ತಯಾರಕರಿಗೆ, ಅದೇ ಪರಿಣಾಮದ ಇನ್ನೊಂದು ಮುಖವನ್ನು ಹಿಂಭಾಗದಲ್ಲಾದರೂ ಒಂದು ಸಾಲಿನಲ್ಲಿ ಬರೆಯುವ ಹೊಣೆಯಿದೆ.

ಗುಣಮಟ್ಟದ ಪ್ರಶ್ನೆಯೂ ಸಣ್ಣದಲ್ಲ. ಅಮೆರಿಕದಲ್ಲಿ ಅಂಗಡಿಗಳಲ್ಲಿ ಸಿಗುವ ಮತ್ತು ಔಷಧಾಲಯಗಳಲ್ಲಿ ತಯಾರಿಸಿದ ವಿಟಮಿನ್ ಡಿ ಮಾತ್ರೆಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಲೇಬಲ್ ಹೇಳಿದ ಪ್ರಮಾಣದ ಶೇ 9ರಿಂದ ಶೇ 146ರವರೆಗೆ ವ್ಯತ್ಯಾಸ ಕಂಡುಬಂದಿತ್ತು. ಆದ್ದರಿಂದ ಸ್ವತಂತ್ರ ಸಂಸ್ಥೆ ಪರೀಕ್ಷಿಸಿ ದೃಢೀಕರಿಸಿದ ಮುದ್ರೆಯಿರುವ ಡಬ್ಬಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು; ನನ್ನ ಡಬ್ಬಿಯ ಮೇಲೆ ಅಂಥ ಮುದ್ರೆಯಿತ್ತು, ತಯಾರಿಕೆಯ ಬ್ಯಾಚ್ ಸಂಖ್ಯೆ ಮತ್ತು ಬಳಕೆಯ ಅವಧಿ ಸ್ಪಷ್ಟವಾಗಿದ್ದವು, ಪ್ರಮಾಣವನ್ನು ಐಯು ಮತ್ತು ಮೈಕ್ರೋಗ್ರಾಮ್ ಎರಡರಲ್ಲೂ ಬರೆದಿದ್ದರು. ಇವಕ್ಕಾಗಿ ತಯಾರಕರನ್ನು ಮೆಚ್ಚಬೇಕು.

ಇದೇ ತಯಾರಕರು ಸತು ಮತ್ತು ವಿಟಮಿನ್ ಸಿ ಸೇರಿಸಿ ‘ಇಮ್ಯುನಿಟಿ’ ಹೆಸರಿನ ಇನ್ನೊಂದು ಡಬ್ಬಿಯನ್ನೂ ಮಾರುತ್ತಾರೆ. ವಿಟಮಿನ್ ಡಿ ಕೊರತೆಯೊಂದೇ ಇರುವವರಿಗೆ ಅದರಿಂದ ಹೆಚ್ಚಿನ ಲಾಭವೇನೂ ಇಲ್ಲ. ಸರಳವಾದ ಡಿ3 ಗುಳಿಗೆಯೇ ಸಾಕು. ಕೊರತೆ ಪತ್ತೆಯಾದವರು, ಬಿಸಿಲು ಕಾಣದೆ ಒಳಗೇ ದಿನ ಕಳೆಯುವವರು, ಮೈಯನ್ನು ಪೂರ್ತಿ ಮುಚ್ಚಿಕೊಳ್ಳುವವರು, ಕಪ್ಪು ಚರ್ಮದವರಾಗಿದ್ದು ಬಿಸಿಲು ಕಡಿಮೆಯಿರುವ ನಾಡುಗಳಲ್ಲಿ ಬಾಳುವವರು, ವಯಸ್ಸಾದವರು, ಇವರೆಲ್ಲ ನಿಶ್ಚಿಂತೆಯಿಂದ ಈ ಗುಳಿಗೆಯನ್ನು ಪರಿಗಣಿಸಬಹುದು. ಮಟ್ಟ ಸರಿಯಾಗಿಯೇ ಇದ್ದು, ನೆಗಡಿ ಬಾರದಿರಲೆಂದಷ್ಟೇ ಕೊಳ್ಳುವವರಿಗೆ ನಾನು ಶಿಫಾರಸು ಮಾಡುವುದಿಲ್ಲ. ಇನ್ನು ಮಕ್ಕಳಿಗಾಗಿ ಹನಿ ರೂಪದಲ್ಲಿ ಬರುವ ಬಾಟಲಿಯನ್ನು ಕೊಳ್ಳುವವರು ಅದರ ಡ್ರಾಪರ್ ಅನ್ನು ಮೊದಲು ನೋಡಬೇಕು: ಹಸುಗೂಸುಗಳಿಗೆ ದಿನಕ್ಕೆ ಸಾಕಾಗುವುದು 400 ಐಯು, ಅದಕ್ಕಿಂತ ಹೆಚ್ಚು ಹಿಡಿಯುವ ಡ್ರಾಪರ್‌ಗಳಿಂದ ಕೂಸುಗಳಿಗೆ ಮಿತಿಮೀರಿದ ಪ್ರಮಾಣ ಹೋಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರಲ್ಲೇ ಎಚ್ಚರಿಸಿತ್ತು. ನಾನು ನೋಡಿದ ಬಾಟಲಿಯ ಡ್ರಾಪರ್‌ನಲ್ಲಿ 400 ಐಯು ಗುರುತು ಇತ್ತು, ಆದರೆ ಆ ಗುರುತಿನ ಮೇಲೂ ಅಷ್ಟೇ ದ್ರವ ಹಿಡಿಯುವ ಜಾಗವಿತ್ತು. ಅದು ಸರಿಹೋಗುವವರೆಗೆ ಹನಿಯ ರೂಪವನ್ನು ಕೊಳ್ಳಿರೆಂದು ನಾನು ಹೇಳಲಾರೆ.